ಅಪ್ಪ ಮುಚ್ಚಳ ತೆಗೆದ ಕಾರು

ಮನೆಯಿಂದ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನು ನೋವು ಹೇಗಿದೆ? ಹಡಗಿನ ಎಂಜಿನ್ ರೂಮಿನಲ್ಲಿ ಬಗ್ಗಿ ಬಗ್ಗಿ ಬೆನ್ನು ಹಿಡಿದುಕೊಂಡಿದೆ ಅಂತ ಬರೆದಿದ್ದೆ. ನಾನು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯೋ ಇಲ್ಲವೋ? ಮಾಡುತ್ತಿಲ್ಲ ಅಂತ ನನಗೆ ಗೊತ್ತು. ಊರವರ ಕೈಕಾಲು ಸೊಂಟವನ್ನೆಲ್ಲ ಸರಿ ಮಾಡುವ ಫಿಸಿಯೋಥೆರಪಿಸ್ಟ್ ಸ್ವಂತ ತಂಗಿಯೇ ಆಗಿಬಿಟ್ಟರೆ ಅವಳ ಮಾತಿಗೆ ಮೂರು ಕಾಸಿನ ಬೆಲೆ ಇರುವುದಿಲ್ಲ. ಅಮ್ಮ ಆರೋಗ್ಯವಾಗಿದ್ದಾಳೆ. ನೀನು ಹೊಟ್ಟೆ ತುಂಬ ಊಟ ಮಾಡುತ್ತೀಯೋ ಇಲ್ಲವೋ ಎಂಬ ಚಿಂತೆಯೊಂದನ್ನು ಬಿಟ್ಟು ಅವಳಿಗೆ ಬೇರೆ ಕಾಯಿಲೆ ಇಲ್ಲ. ಅಪ್ಪನ ವಿಷಯ ಬರೆಯುತ್ತೇನೆ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಬಹುದಿತ್ತು ಅನ್ನಬೇಡ. ನೀನು ಸಿಗುವುದು ಹಡಗು ದಡ ಸೇರಿದಾಗ ಮಾತ್ರ, ಮತ್ತೆ ನಮ್ಮ ಮನೆ ನಿನಗೆ ಗೊತ್ತೇ ಇದೆಯಲ್ಲ, ಅಡುಗೆಮನೆಯಲ್ಲಿ ಪಿಸುಗುಟ್ಟಿದರೆ ಹೊರಗಿನ ಕೋಣೆಯಿಂದ ಉತ್ತರ ಬರುತ್ತದೆ.

ಹೋದ ಸಲ ನೀನು ಕಾರಿನ ಬಗ್ಗೆ ಕೇಳಿದ್ದೆ. ಎಲೆಕ್ಟ್ರಿಕ್ ಕಾರು ಸಾಕುವುದು ನಿಜವಾಗಿಯೂ ಅಗ್ಗವೇ, ನಾನೂ ಒಂದು ತಗೊಳ್ಳಲೇ ಅಂತ. ಮೊದಲ ವರ್ಷ ಕೇಳಿದ್ದರೆ ನಿನ್ನ ಕಿವಿ ತೂತಾಗುವಷ್ಟು ಹೊಗಳುತ್ತಿದ್ದೆ. ಬೆಳಗಿನಿಂದ ಸಂಜೆಯವರೆಗೆ ರೋಗಿಗಳ ಮನೆಯಿಂದ ಮನೆಗೆ ತಿರುಗುವ ನನ್ನ ಸಂಪಾದನೆಯಲ್ಲಿ ಒಳ್ಳೆಯ ಪಾಲನ್ನು ಪೆಟ್ರೋಲೇ ನುಂಗುತ್ತಿತ್ತು. ಈ ಕಾರು ಬಂದ ಮೇಲೆ ಸಂಜೆ ಗೋಡೆಗೆ ಪ್ಲಗ್ ಚುಚ್ಚಿ ಊಟಕ್ಕೆ ಕೂತರೆ ಮುಗಿಯಿತು. ಕರೆಂಟ್ ಬಿಲ್ಲು ಏರಿದ್ದಕ್ಕೆ ಅಮ್ಮ ಒಂದು ದಿನ ಗೊಣಗಿದಳು, ಅಷ್ಟೇ. ಸರ್ವಿಸ್ಸಿಗೆ ಕೊಟ್ಟರೆ ಆಯಿಲ್ ಇಲ್ಲ, ಸ್ಪಾರ್ಕ್ ಪ್ಲಗ್ ಇಲ್ಲ, ಕ್ಲಚ್ ಇಲ್ಲ. ಮೊದಲನೇ ಸರ್ವಿಸ್ಸಿನ ಬಿಲ್ಲನ್ನು ಅಪ್ಪ ಕನ್ನಡಕ ಹಾಕಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಬರೀ ಒರೆಸಿ ಕಳ್ಸಿದಾರಲ್ಲೇ" ಅಂತ ನಕ್ಕಿದ್ದರು. ಹಾಗಂತ ಸುಪ್ಪತ್ತಿಗೆಯೂ ಅಲ್ಲ ಅನ್ನು. ಗಾಡಿ ಭಾರ, ಟೈರು ಬೇಗ ಸವೆಯುತ್ತದೆ. ಇನ್ಶೂರೆನ್ಸ್ ಜಾಸ್ತಿ. ದೂರದ ರೋಗಿಯ ಮನೆಗೆ ಹೋದ ದಿನ ದಾರಿಯ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಕ್ಯೂ ನಿಲ್ಲಬೇಕು, ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ಯಂತ್ರ ಕೈ ಎತ್ತಿಬಿಡುತ್ತದೆ. ಆದರೂ ನಾನು ಸಂತೋಷವಾಗಿಯೇ ಇದ್ದೆ.

ಅಪ್ಪನಿಗೆ ಮಾತ್ರ ಅದು ಮೊದಲ ದಿನದಿಂದಲೂ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ತಂದು ನಿಲ್ಲಿಸಿದ ದಿನ ಬಾನೆಟ್ ಎತ್ತಿದರು, ಒಳಗೆ ಪ್ಲಾಸ್ಟಿಕ್ ಹೊದಿಕೆ. ಅದನ್ನು ತೆಗೆದರೆ ಅದರ ಕೆಳಗೆ ಇನ್ನೊಂದು. "ಇದ್ರಲ್ಲಿ ನಾನು ಎಲ್ಲಿ ಅಂತ ಕೈ ಹಾಕ್ಲಿ?" ಅಂದರು. ತಮಾಷೆಗೆ ಅಂದದ್ದಲ್ಲ ಅಣ್ಣಾ. ಇಡೀ ಬೀದಿಯ ಗಾಡಿಗಳು ರಿಪೇರಿಗೆ ಬರುವುದು ನಮ್ಮ ಮನೆ ಮುಂದಿನ ಗ್ಯಾರೇಜಿಗೆ, ಮೆಕ್ಯಾನಿಕ್ಕಿನ ಸ್ವಂತ ಮಗಳ ಗಾಡಿ ಹೋಗುವುದು ಕಂಪನಿಯ ಸರ್ವಿಸ್ ಸೆಂಟರಿಗೆ. ಒಂದು ಸಲ ನನ್ನ ಜೊತೆ ಬಂದಿದ್ದರು. ಅಲ್ಲಿ ಗಿರಾಕಿಗಳಿಗೆ ಸೋಫಾ, ಕಾಫಿ ಯಂತ್ರ, ಎದುರಿಗೆ ದೊಡ್ಡ ಗಾಜಿನ ಗೋಡೆ. ಕೆಲಸ ನಡೆಯುವುದು ಗಾಜಿನ ಆಚೆ, ಒಳಗೆ ಯಾರನ್ನೂ ಬಿಡುವುದಿಲ್ಲ. ಅಪ್ಪನ ಪದ್ಧತಿ ನಿನಗೆ ಗೊತ್ತಲ್ಲ, ಗಾಡಿಯವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಬಿಚ್ಚುತ್ತಾರೆ, ಬಿಚ್ಚಿದ ಹಳೇ ಪಾರ್ಟನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ ಅವನ ಕೈಗೇ ಕೊಡುತ್ತಾರೆ. ಅವತ್ತು ಅವರು ಸೋಫಾದಲ್ಲಿ ಕೂರಲೇ ಇಲ್ಲ. ಪೂರ್ತಿ ಹೊತ್ತು ಗಾಜಿನ ಹತ್ತಿರ ಕೈ ಹಿಂದೆ ಕಟ್ಟಿ ನಿಂತಿದ್ದರು. ಕೊನೆಗೆ ಕೌಂಟರಿನವನು ಬಂದು ಕೂತುಕೊಳ್ಳಿ ಸಾರ್ ಅಂದಾಗ ಹೊರಗೆ ಹೋಗಿ ಫುಟ್‌ಪಾತಿನ ಮೇಲೆ ನಿಂತರು. ಆಮೇಲೆ ನಾನು ಅವರನ್ನು ಕರೆದುಕೊಂಡು ಹೋಗಲಿಲ್ಲ.

ಎರಡನೇ ಸರ್ವಿಸ್ ಆಗಿ ಬಂದ ಮೇಲಿನ ಭಾನುವಾರ, ಅಪ್ಪ ಕಾರು ತೊಳೆಯುತ್ತಾ ಬಾನೆಟ್ ಎತ್ತಿದ್ದಾರೆ. ಕೂಲೆಂಟ್ ಬಾಟಲಿಯಲ್ಲಿ ಮಟ್ಟ ಗೆರೆಗಿಂತ ಸ್ವಲ್ಪ ಕೆಳಗಿದೆ. ನಿಮ್ಮ ಎಂಜಿನ್ನುಗಳ ಹಾಗೆ ಇದರಲ್ಲಿ ಬ್ಯಾಟರಿಯನ್ನು ತಂಪಾಗಿಡಲು ಒಂದು ದ್ರವ ಓಡುತ್ತಿರುತ್ತದೆ. ಮುಚ್ಚಳದ ಮೇಲೆ ಹಳದಿ ಚೀಟಿ, ತೆರೆಯಬೇಡಿ, ಸರ್ವಿಸ್ ಸೆಂಟರಿನಲ್ಲಿ ಮಾತ್ರ ಅಂತ. ಅಂಥ ಚೀಟಿಗಳನ್ನು ಜೀವಮಾನವಿಡೀ ಉಗುರಲ್ಲಿ ಕಿತ್ತು ಎಸೆದವರು ಅಪ್ಪ. ಕಂಪನಿಯವರು ಹೆದರಿಸಿ ದುಡ್ಡು ಕೀಳುವುದಕ್ಕೆ ಅಂಟಿಸುತ್ತಾರೆ ಅನ್ನುವುದು ಅವರ ಲೆಕ್ಕ, ಆ ಲೆಕ್ಕ ಒಂದು ಸಲವೂ ತಪ್ಪಿರಲಿಲ್ಲ, ಎಷ್ಟೋ ಜನರ ದುಡ್ಡು ಹಾಗೆ ಉಳಿದಿದೆ. ಬಣ್ಣ ಹೋಲಿಸಿ ನೋಡಿದ್ದಾರೆ, ತಮ್ಮ ಕ್ಯಾನಿನದ್ದೂ ಅದೇ ಬಣ್ಣ. ಇದ್ದುದರಲ್ಲಿ ಒಳ್ಳೆಯದನ್ನೇ ತುಂಬಿದ್ದಾರೆ. ತಿಂಡಿಗೆ ಕೂತಾಗ, "ನಿಮ್ಮ ಕಂಪನಿಯೋರು ನೋಡೇ ಇಲ್ಲ ಪುಟ್ಟೀ. ನಾನು ಸರಿ ಮಾಡ್ದೆ. ನಿನ್ ಹತ್ರ ದುಡ್ಡೇನೂ ತಗೊಳಲ್ಲ ಬಿಡು" ಅಂದರು. ಆ ಕಾರಿನಲ್ಲಿ ಅವರ ಕೈಯಿಂದ ಒಂದು ಕೆಲಸ ಆದದ್ದು ಅದೇ ಮೊದಲು. ಮುಖ ನೋಡಬೇಕಿತ್ತು ನೀನು, ಇಷ್ಟಗಲ ಆಗಿತ್ತು. ನನಗೂ ಏನೂ ತಿಳಿಯದು, ನಾನೂ ನಕ್ಕೆ.

ಕೆಲವು ವಾರ ಚೆನ್ನಾಗಿಯೇ ಓಡಿತು. ಒಂದು ಮಧ್ಯಾಹ್ನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಹತ್ತಿ ನಿಂತದ್ದು ಮತ್ತೆ ಅಲ್ಲಾಡಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದು ನನ್ನ ಜನ್ಮ ಜಾಲಾಡಿದರು. ಲಾರಿಯ ಮೇಲೆ ಏರಿಸಿಕೊಂಡು ಹೋದರು. ಸರ್ವಿಸ್ ಸೆಂಟರಿನಲ್ಲಿ ನಮ್ಮ ಗಾಡಿ ನೋಡಿಕೊಳ್ಳುವ ಟೈ ಕಟ್ಟಿದ ಹುಡುಗ, ನಾನು ಟೈ ಸಾಹೇಬ ಅನ್ನುತ್ತೇನೆ, ಮೊದಲು ಸಾಫ್ಟ್‌ವೇರ್ ಅಂದ, ಆಮೇಲೆ ಸೆನ್ಸರ್ ಅಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ಅವನೇ ಕರೆದು ಕೂರಿಸಿ ಹೇಳಿದ. ಇದರ ಬ್ಯಾಟರಿಗೆ ಬೇರೆಯೇ ಕೂಲೆಂಟ್ ಬೇಕು, ಕರೆಂಟ್ ಹರಿಯಗೊಡದಂಥದ್ದು. ಯಾರೋ ಸಾಮಾನ್ಯದ್ದನ್ನು ಬೆರೆಸಿದ್ದಾರೆ, ಅದು ಒಳಗೊಳಗೇ ಸೋರಿ ಬ್ಯಾಟರಿಯನ್ನು ತಿಂದುಹಾಕಿದೆ. ಪೂರ್ತಿ ಬ್ಯಾಟರಿ ಬದಲಿಸಬೇಕು. ಅದರ ಬೆಲೆಗೆ ಇನ್ನೊಂದು ಸಣ್ಣ ಕಾರೇ ಬರುತ್ತದೆ. ಹೊರಗಿನ ಕೂಲೆಂಟ್ ಹಾಕಿದ್ದರಿಂದ ವಾರಂಟಿಯೂ ಇಲ್ಲ. "ಯಾರು ಹಾಕಿದ್ದು ಮೇಡಂ?" ಅಂತ ಕೇಳಿದ. ನಾನೇ ಅಂದೆ. ಬರೆದುಕೊಡಿ ಅಂದ, ಬರೆದುಕೊಟ್ಟೆ. ಮನೆಗೆ ಬಂದು ಅಪ್ಪನಿಗೆ ಏನೋ ಸೆನ್ಸರ್ ಬರಬೇಕಂತೆ, ತಡವಾಗುತ್ತಂತೆ ಅಂದೆ. ಅಮ್ಮನಿಗೂ ಅಷ್ಟೇ ಹೇಳಿದೆ.

ಅವರನ್ನು ಉಳಿಸಿದೆ ಅಂದುಕೊಂಡಿದ್ದೆ. ಆದರೆ ನಾನು ದಿನಾ ಬೆಳಗ್ಗೆ ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು ಬಸ್ಸಿಗೆ ಓಡುವುದನ್ನು ಅವರು ಗ್ಯಾರೇಜಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬಸ್ಸಿನ ದಾರಿಯಲ್ಲಿಲ್ಲದ ರೋಗಿಗಳು ಒಬ್ಬೊಬ್ಬರೇ ಕೈಬಿಟ್ಟುಹೋದರು, ಕಾರಿನ ಸಾಲದ ಕಂತು ಮಾತ್ರ ತಪ್ಪದೆ ಹೋಗುತ್ತಿತ್ತು. ಹೆಣ್ಣುಮಗಳು ಅಂತ ನನಗೆ ಟೋಪಿ ಹಾಕುತ್ತಿದ್ದಾರೆ ಅಂತ ಅಪ್ಪನ ತಲೆಗೆ ಬಂತು. ಒಂದು ಶನಿವಾರ ಯಾರಿಗೂ ಹೇಳದೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ನನ್ನ ಪರವಾಗಿ ಜಗಳ ಆಡಲು ಬಸ್ಸು ಹತ್ತಿ ಹೋಗಿದ್ದಾರೆ. ಅಲ್ಲಿ ಏನಾಯಿತು ಅಂತ ಆಮೇಲೆ ಟೈ ಸಾಹೇಬನೇ ಹೇಳಿದ. ಇವರ ಗಲಾಟೆ ತಡೆಯಲಾರದೆ ಅವತ್ತು ಗಾಜಿನ ಆಚೆಗೇ ಕರೆದುಕೊಂಡು ಹೋದರಂತೆ. ಕಾರಿನಿಂದ ತೆಗೆದ ಕೂಲೆಂಟನ್ನು ಜಾಡಿಯಲ್ಲಿ ತೋರಿಸಿದರಂತೆ. ಅಪ್ಪ ಬೆರಳು ಅದ್ದಿ, ಉಜ್ಜಿ, ಮೂಸಿ ನೋಡಿದರಂತೆ. ನಿಮ್ಮ ಮಗಳೇ ಹಾಕಿದ್ದಂತೆ ಸಾರ್, ಬರೆದುಕೊಟ್ಟಿದ್ದಾರೆ ಅಂದದ್ದಕ್ಕೆ, "ಅವ್ಳಲ್ಲ, ನಾನು. ಅದ್ರಲ್ಲಿ ಹೆಸರು ತಿದ್ದಿ" ಅಂದರಂತೆ. ತಿದ್ದುವುದಕ್ಕೆ ಬರುವುದಿಲ್ಲ ಅಂದರೂ ಕೇಳದೆ, ತಿದ್ದಿ, ತಿದ್ದಿ ಅಂತ ಅಲ್ಲೇ ನಿಂತಿದ್ದರಂತೆ. ಇದನ್ನು ಹೇಳುವಾಗ ಆ ಹುಡುಗನೂ ನನ್ನ ಮುಖ ನೋಡಲಿಲ್ಲ.

ಮನೆಗೆ ಬಂದವರು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಚಪ್ಪಲಿ ಬಿಟ್ಟು ನನ್ನ ಎದುರಿಗೆ ಕೂತು ಒಂದೇ ಒಂದು ಮಾತು ಕೇಳಿದರು. "ನಂಗೆ ಹೆದ್ರಿ ಹೇಳ್ಲಿಲ್ವಾ, ಇಲ್ಲ ಪಾಪ ಅನ್ಸಿ ಹೇಳ್ಲಿಲ್ವಾ?" ಹೆದರಿ ಅಂತ ಹೇಳಿಬಿಡಬೇಕಿತ್ತು ಅಣ್ಣಾ. ನನಗೆ ಬಾಯಿ ಬರಲಿಲ್ಲ, ಅವರಿಗೆ ಅದೇ ಉತ್ತರವಾಯಿತು. ಅವತ್ತಿನಿಂದ ಗ್ಯಾರೇಜಿನ ಶಟರ್ ಎತ್ತಿಲ್ಲ. ಹಳೇ ಗಿರಾಕಿಗಳು ಬಂದು ಬಾಗಿಲು ಬಡಿದರೆ, "ನನ್ನ ಕೈ ನಂಬ್ಬೇಡಿ, ಬೇರೆ ಕಡೆ ತೋರಿಸ್ಕೊಳ್ಳಿ" ಅಂತ ಕಳಿಸುತ್ತಾರೆ. ಒಳಗೆ ಕೂತ ನನಗೂ ಅದು ಕೇಳಿಸುತ್ತದೆ. ಅಮ್ಮ ಬಡಿಸಿದ್ದು ತಟ್ಟೆಯಲ್ಲೇ ಆರುತ್ತದೆ. ಕಾರು ಇನ್ನೂ ಅಲ್ಲೇ ಸರ್ವಿಸ್ ಸೆಂಟರಿನ ಹಿಂದೆ ಧೂಳು ತಿನ್ನುತ್ತಾ ನಿಂತಿದೆ, ಅದನ್ನು ನಿಲ್ಲಿಸಿಕೊಂಡದ್ದಕ್ಕೂ ಬಾಡಿಗೆ ಕೇಳುತ್ತಿದ್ದಾರೆ. ಅದು ಹಾಳಾಗಿ ಹೋಗಲಿ. ನಾನು ಬಸ್ಸಿನಲ್ಲೇ ತಿರುಗುತ್ತೇನೆ, ಕಾಲು ಗಟ್ಟಿಯಾಗಿವೆ. ನನಗೆ ಅಪ್ಪ ಹೀಗೆ ಕೂತಿರುವುದನ್ನು ನೋಡಲಾಗುವುದಿಲ್ಲ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟು ಉದ್ದವಾಯಿತು. ನೀನು ಕಾರು ಕೊಂಡರೂ ಕೊಳ್ಳದಿದ್ದರೂ ನನ್ನ ಅಭ್ಯಂತರ ಇಲ್ಲ, ಕಾರಿನ ತಪ್ಪೇನೂ ಇಲ್ಲ. ಬೆನ್ನು ನೋಡಿಕೋ. ಭಾರ ಎತ್ತುವಾಗ ಮಂಡಿ ಬಗ್ಗಿಸು, ಸೊಂಟ ಅಲ್ಲ. ಅಮ್ಮನ ಆಶೀರ್ವಾದ, ಅವಳ ಒಂದು ಮುತ್ತು ಕೂಡ. ಅಪ್ಪನಿಗೆ ನಾನು ಬರೆಯುತ್ತಿರುವುದು ಗೊತ್ತಿಲ್ಲ, ಗೊತ್ತಿದ್ದರೆ ಕೇಳಿದೆ ಅಂತ ಹೇಳು ಅನ್ನುತ್ತಿದ್ದರು.

ಸದಾ ನಿನ್ನನ್ನು ಬೈಯಲು ಕಾಯುತ್ತಿರುವ
ನಿನ್ನ ಮೆಣಸಿನಕಾಯಿ

ತಾ.ಕ. ಕಾಗದ ಅಂಟಿಸುವ ಹೊತ್ತಿಗೆ ಅಮ್ಮ ಬಂದು ಹೇಳಿದಳು, ಬ್ಯಾಟರಿಯ ದುಡ್ಡಿಗೆ ಅಂತ ಅಪ್ಪ ಗ್ಯಾರೇಜನ್ನು ಸಾಮಾನು ಸಮೇತ ಮಾರಲು ಮಾತು ಕೊಟ್ಟಿದ್ದಾರಂತೆ, ಒಂದನೇ ತಾರೀಖಿಗೆ ಕೊಳ್ಳುವವರು ಬರುತ್ತಾರಂತೆ. ಅಷ್ಟರೊಳಗೆ ದಡ ಸೇರಿದ ಕೂಡಲೇ ಅಪ್ಪನಿಗೆ ಫೋನ್ ಮಾಡು. ಸಮಾಧಾನ ಹೇಳಬೇಡ, ದುಡ್ಡು ಕಳಿಸುತ್ತೇನೆ ಅನ್ನಬೇಡ. ನೀನು ಗ್ಯಾರೇಜಿನಲ್ಲಿ ಕೆಲಸ ಕಲಿಯುತ್ತಿದ್ದಾಗ ಗಿರಾಕಿಗಳ ಎದುರಿಗೆ ಅಪ್ಪ ನಿನಗೆ, "ನಿನ್ನ ಕೈಗೆ ಈ ಕಸುಬು ಹತ್ತಲ್ಲ" ಅಂದದ್ದನ್ನು ನೀನು ಮರೆತಿಲ್ಲ, ಅದಾದ ಮೇಲೆ ನೀವಿಬ್ಬರೂ "ಚೆನ್ನಾಗಿದ್ದೀರಾ", "ಚೆನ್ನಾಗಿದ್ದೀನಿ" ಅನ್ನುವುದನ್ನು ಬಿಟ್ಟು ಬೇರೆ ಮಾತಾಡಿಲ್ಲ. ಈಗ ನಿನ್ನ ಎಂಜಿನ್ನಿನ ಬಗ್ಗೆ ಏನಾದರೂ ಕೇಳು. ಸುಳ್ಳು ಕಟ್ಟಬೇಡ, ಪಾಪ ಅಂತ ನಾನು ಹೇಳಿದ ಸುಳ್ಳೇ ಸಾಕು, ಅವರಿಗೆ ತಕ್ಷಣ ಗೊತ್ತಾಗುತ್ತದೆ. ನಿನಗೆ ನಿಜವಾಗಿ ಗೊತ್ತಾಗದ್ದನ್ನೇ ಕೇಳು. ಅಂಥದ್ದು ಏನಾದರೂ ಇದ್ದೇ ಇರುತ್ತದೆ, ಅಲ್ಲವಾ ಅಣ್ಣಾ? ಮೊದಲ ಸಲಕ್ಕೆ ಫೋನ್ ಎತ್ತದಿದ್ದರೆ ಮತ್ತೆ ಮಾಡು.