ಕೈಗೊಂದು ಪರೀಕ್ಷೆ, ಬಾಯಿಗೊಂದು ಬೀಗ

ಮಕ್ಕಳ ಕೈಗಳಿಗೆ ಅಂಕ ಕೊಡುವ ಕಚೇರಿಯ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಕೈಗಳು ‘ತೃಪ್ತಿಕರ’ವಾಗಿವೆ ಎಂದು ತಾವು ಎರಡನೆಯ ಸಲ ಆದೇಶ ಹೊರಡಿಸಿದ್ದೀರಿ. ಆದ್ದರಿಂದ ಶಾಲೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಅವಳಿಗೆ ಹೆಚ್ಚುವರಿ ಸಮಯವಾಗಲಿ, ಬೇರೆ ಯಾವ ಅನುಕೂಲವಾಗಲಿ ಬೇಕಿಲ್ಲವಂತೆ. ನಮ್ಮ ಮನೆತನದಲ್ಲಿ ಸರ್ಕಾರದ ಬಾಯಲ್ಲಿ ತೃಪ್ತಿಕರ ಎನಿಸಿಕೊಂಡವರು ಈವರೆಗೆ ಯಾರೂ ಇರಲಿಲ್ಲ. ನಾವು ಕುಣಿದಾಡಬೇಕಿತ್ತು. ಆದರೆ ಮೊದಲ ಆದೇಶ ಕೈಸೇರಿದ ಮಧ್ಯಾಹ್ನವೇ ಆ ತೃಪ್ತಿಕರ ಕೈಗಳು ಒಂದು ಜಗ್ಗು ನೀರನ್ನು ಅವಳ ಅಜ್ಜಿಯ ಮಡಿಲಿಗೆ ಸುರಿದವು. ಆದದ್ದು ಇಷ್ಟೇ. ಲೋಟಕ್ಕೆ ನೀರು ಬಗ್ಗಿಸುತ್ತಿದ್ದವಳನ್ನು ಅಜ್ಜಿ, “ಅಲ್ವೇ, ಆಫೀಸಲ್ಲಿ ನಿನ್ನ ಏನೇನು ಕೇಳಿದ್ರು?” ಎಂದು ಮಾತಾಡಿಸಿದರು. ಮಗಳು ಉತ್ತರ ಹೇಳಲು ಬಾಯಿ ತೆರೆದಳು. ಕೈ ಅಲ್ಲಿಗೇ ರಾಜೀನಾಮೆ ಕೊಟ್ಟಿತು.

ನನ್ನ ದೂರು ಇದೇ, ಸ್ವಾಮಿ. ನಿಮ್ಮ ಕಚೇರಿ ಮಗುವಿನ ಬಾಯಿ ಮುಚ್ಚಿಸಿ ಕೈಯನ್ನು ಪರೀಕ್ಷಿಸುತ್ತದೆ. ಮಗು ಬದುಕಬೇಕಾದದ್ದು ಬಾಯಿ ತೆರೆದುಕೊಂಡು.

ನನ್ನ ಮಗಳಿಗೆ ಹನ್ನೆರಡು ವರ್ಷ. ಮನೆಯಲ್ಲಿ ಎಲ್ಲರ ಮೇಲೂ ದರ್ಬಾರು ನಡೆಸುವುದರಿಂದ ಅವಳನ್ನು ದೊರೆಸಾನಿ ಎನ್ನುತ್ತೇವೆ. ಹುಟ್ಟುವ ಹೊತ್ತಿನಲ್ಲಿ ಮಿದುಳಿಗೆ ಬಿದ್ದ ಪೆಟ್ಟಿನಿಂದ ಅವಳಿಗೆ ಸೆರೆಬ್ರಲ್ ಪಾಲ್ಸಿ. ಬಲಗೈ, ಬಲಗಾಲು ಬಿಗಿ. ಬುದ್ಧಿಗೂ ಮಾತಿಗೂ ಏನೂ ಕೊರತೆಯಿಲ್ಲ. ಮಾತು ಕೊಂಚ ಕಡಿಮೆಯಿದ್ದಿದ್ದರೂ ನಾವ್ಯಾರೂ ಬೇಸರಪಡುತ್ತಿರಲಿಲ್ಲ. ತಾವು ಅಂಗಿಯ ಗುಂಡಿ ಹಾಕುವಾಗ ಗುಂಡಿಯ ಬಗ್ಗೆ ಯೋಚಿಸುತ್ತೀರಾ? ಇಲ್ಲ. ಪಕ್ಕದ ಮನೆಯವರ ಬಗ್ಗೆ ಯೋಚಿಸುತ್ತೀರಿ. ಗುಂಡಿ ತಾನಾಗಿ ಕಾಜಾ ಸೇರುತ್ತದೆ. ದೊರೆಸಾನಿಯ ಬಲಗೈ ಹಾಗಲ್ಲ. ಅದಕ್ಕೆ ಪ್ರತಿಯೊಂದನ್ನೂ ಒಳಗಿನಿಂದ ಹೇಳಿಕೊಡಬೇಕು: ಬೆರಳು ಬಿಚ್ಚು, ಹಿಡಿ, ಅಷ್ಟು ಬಿಗಿ ಬೇಡ, ಈಗ ಬಿಡು. ಗಮನ ಅಲ್ಲೇ ಇದ್ದರೆ ಕೈ ಹೇಳಿದಂತೆ ಕೇಳುತ್ತದೆ. ಗಮನ ಒಂದಿಷ್ಟು ಆಚೆ ಹೋಯಿತೋ, ಮುಷ್ಟಿ ಕಟ್ಟಿ ಕೂತುಬಿಡುತ್ತದೆ, ಇಲ್ಲವೇ ಹಿಡಿದದ್ದನ್ನು ಕೈಬಿಡುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ನಮ್ಮ ಮನೆಯಲ್ಲಿ ಬಾಯಿ ಬಿಟ್ಟರೆ ಕೈ ಕೆಸರು.

ಈಗ ತಮ್ಮ ಪರೀಕ್ಷಾ ಕೊಠಡಿಗೆ ಬರೋಣ. ಎಂಥ ಕೊಠಡಿ! ಮುಚ್ಚಿದ ಬಾಗಿಲು, ತಣ್ಣನೆಯ ಗಾಳಿ, ಹೊಳೆಯುವ ಮೇಜು, ಅದರ ಮೇಲೊಂದು ತೂತುಗಳ ಹಲಗೆ, ಪಕ್ಕದಲ್ಲಿ ಡಬ್ಬಿ ತುಂಬ ಮರದ ಗೂಟಗಳು. ಗೋಡೆಯ ಮೇಲೆ ‘ನಿಶ್ಶಬ್ದವಾಗಿರಿ’. ಅಲ್ಲಿ ಕೂರಿಸಿದರೆ ನನ್ನ ಮಗಳೇನು, ನಮ್ಮ ಮನೆಯ ಬೆಕ್ಕೂ ಒಂದೆರಡು ಗೂಟ ಚುಚ್ಚೀತು. ದೊರೆಸಾನಿ ಉಸಿರು ಬಿಗಿಹಿಡಿದು ಒಂದೊಂದೇ ಗೂಟವನ್ನು ತೂತಿಗಿಳಿಸಿದಳು. ನಿಮ್ಮ ಪರೀಕ್ಷಕರು ಮೆಚ್ಚಿ ತಲೆದೂಗಿದರು. ಅಂಥ ಮೌನ ಅವಳ ತರಗತಿಯಲ್ಲಿ ಎಲ್ಲಿದೆ? ಅಲ್ಲಿ ಟೀಚರ್ ಹೇಳುತ್ತಿರುತ್ತಾರೆ, ಅವಳು ಕೇಳಬೇಕು, ನೆನಪಿಡಬೇಕು, ಒಂದು ಕೈಯಲ್ಲಿ ಪುಸ್ತಕ ಅದುಮಿ ಇನ್ನೊಂದರಲ್ಲಿ ಬರೆಯಬೇಕು, ಆ ಹೊತ್ತಿಗೇ ಹಿಂದಿನ ಬೆಂಚಿನವಳು ರಬ್ಬರ್ ಕೇಳುತ್ತಾಳೆ.

ಶಾಲೆಯಲ್ಲಿ ನಡೆದದ್ದನ್ನು ಹೇಳುತ್ತೇನೆ. ವಿಜ್ಞಾನದ ತರಗತಿ. ದೊರೆಸಾನಿ ಜಾಡಿಯಿಂದ ಬಣ್ಣದ ನೀರನ್ನು ಗಾಜಿನ ನಳಿಕೆಗೆ ಬಗ್ಗಿಸುತ್ತಿದ್ದಳು. ಟೀಚರ್ ಪಕ್ಕಕ್ಕೆ ಬಂದು, “ಬಣ್ಣ ಯಾಕೆ ಬದಲಾಯ್ತು, ಹೇಳು?” ಎಂದರು. ಅವಳಿಗೆ ಉತ್ತರ ಗೊತ್ತಿತ್ತು. ಹೇಳಿಯೂ ಹೇಳಿದಳು. ಉತ್ತರ ಟೀಚರ್ ಕಿವಿಗೂ ನೀರು ಅವರ ಚಪ್ಪಲಿಗೂ ಒಟ್ಟಿಗೆ ತಲುಪಿದವು. “ಉತ್ತರವೇನೋ ಸರಿ, ಆದ್ರೆ ಎಷ್ಟು ಒರಟು ಕೈ ನಿಂದು!” ಎಂದರು ಅವರು. ಮುಂದಿನ ವಾರ ಅಂಥದ್ದೇ ಪಾಠ. ಈ ಸಲ ಅವಳು ಕಣ್ಣು, ಮನಸ್ಸು, ಪ್ರಾಣ ಎಲ್ಲವನ್ನೂ ಜಾಡಿಯ ಅಂಚಿನಲ್ಲಿಟ್ಟಳು. ಒಂದು ಹನಿಯೂ ಚೆಲ್ಲಲಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಬಾಯಿಂದ ಮಾತು ಬರಲಿಲ್ಲ. “ಪಾಠ ಓದಿಕೊಂಡೇ ಬಂದಿಲ್ಲ,” ಎಂದರು ಟೀಚರ್.

ಸಂಜೆ ನಾನು ಕೆಲಸ ಮುಗಿಸಿ ಬಂದಾಗ ಅವಳು ಷೂ ಕೂಡ ಬಿಚ್ಚದೆ ಮೆಟ್ಟಿಲ ಮೇಲೆ ಕೂತಿದ್ದಳು.

“ಅಮ್ಮಾ, ನಾನು ಯಾವುದಾಗ್ಲಿ? ಪೆದ್ದೀನಾ, ಒರಟೀನಾ?”

“ಯಾವುದೂ ಬೇಡ ಕಣೇ.”

“ಹಾಗಾಗಲ್ಲ. ಎರಡ್ರಲ್ಲಿ ಒಂದಾಗ್ಲೇಬೇಕು. ಪೆದ್ದಿ ಆಗೋದೇ ವಾಸಿ. ಪೆದ್ದೀರ ಬಟ್ಟೆ ಒದ್ದೆಯಾಗಲ್ಲ.”

ನಾನು ನಕ್ಕೆ. ಅವಳು ನಗಲಿಲ್ಲ. ಹೇಳಿದಂತೆ ಮಾಡಿಯೂ ಬಿಟ್ಟಳು. ನೀರು ಚೆಲ್ಲದ, ಪೆನ್ನು ಬೀಳಿಸದ, ಏನು ಕೇಳಿದರೂ ತಲೆ ತಗ್ಗಿಸಿ ಕೂರುವ ಹುಡುಗಿಯಾದಳು. ‘ಈಗ ತುಂಬಾ ಸುಧಾರಿಸಿದ್ದಾಳೆ’ ಎಂದು ಶಾಲೆಯಿಂದ ವರದಿ ಬಂತು. ಮನೆಯನ್ನೆಲ್ಲ ಆಳುತ್ತಿದ್ದವಳು ತರಗತಿಯಲ್ಲಿ ಮೂಗಿಯಾದದ್ದಕ್ಕೆ ಸುಧಾರಣೆ ಎಂದು ಹೆಸರು!

ಮರುಪರೀಕ್ಷೆ ಕೇಳಲು ತಮ್ಮನ್ನೇ ಕಾಣಲು ಬಂದೆ. ತಾವು ಫೋನಿನಲ್ಲಿ ಯಾರ ಮೇಲೋ ರೇಗುತ್ತ, ಚಹಾ ಕಲಕುತ್ತ, ನನ್ನ ಅರ್ಜಿ ಮಂಜೂರು ಮಾಡಿದಿರಿ. ಚಹಾ ಕಲಕಿದ್ದು ಪೆನ್ನಿನಿಂದ. ನಾನು ಸುಮ್ಮನಿದ್ದೆ, ತಾವು ಅದನ್ನು ಕುಡಿದಿರಿ ಕೂಡ. ತಮ್ಮ ಕೈಗಳ ಬಗ್ಗೆ ಯಾರೂ ಆದೇಶ ಹೊರಡಿಸಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಮರುಪರೀಕ್ಷೆಯ ದಿನ ಅದೇ ಕೊಠಡಿ, ಅದೇ ಗೂಟ, ಅದೇ ಪರೀಕ್ಷಕರು. ಒಳ್ಳೆಯ ಮನುಷ್ಯ, ವಯಸ್ಸಿನಲ್ಲಿ ನನ್ನ ತಮ್ಮನಂಥವರು. ದೊರೆಸಾನಿ ಕುರ್ಚಿಯಲ್ಲಿ ಕೂತವಳೇ, “ಸರ್, ಈ ಸಲ ನನ್ನನ್ನ ಮಾತಾಡಿಸ್ತಾ ಮಾಡಿಸಿ,” ಎಂದಳು.

“ಹಾಗೆ ನಿಯಮ ಇಲ್ಲಮ್ಮ.”

“ಸರಿ, ಹಾಗಾದ್ರೆ ನೀವು ಮಾಡಿ, ನಾನು ಮಾತಾಡಿಸ್ತೀನಿ. ಎಡಗೈಯಲ್ಲಿ ಮಾಡ್ಬೇಕು. ನನ್ನ ಬಲಗೈ ನಿಮ್ಮ ಎಡಗೈಗಿಂತ ಪೆದ್ದು, ಆದ್ರೂ ಪರವಾಗಿಲ್ಲ.”

ಅವರು ನನ್ನ ಮುಖ ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಅವರು ನಕ್ಕು ಎಡಗೈಯಲ್ಲಿ ಗೂಟ ಎತ್ತಿಕೊಂಡರು. “ಕ ಅಕ್ಷರದ ಪ್ರಾಣಿಗಳ ಹೆಸರು ಹೇಳಿ. ನಿಲ್ಲಿಸೋ ಹಾಗಿಲ್ಲ, ಕೈಯೂ ನಿಲ್ಲೋ ಹಾಗಿಲ್ಲ,” ಎಂದು ದೊರೆಸಾನಿ ಅಪ್ಪಣೆ ಕೊಟ್ಟಳು.

“ಕತ್ತೆ... ಕರಡಿ... ಕೋತಿ... ಕ... ಕ...”

ಗೂಟ ಗಾಳಿಯಲ್ಲಿ ನಿಂತಿತು. “ಕೈ, ಸರ್, ಕೈ!” ಎಂದಳು ಇವಳು. ಅವರು ಗಾಬರಿಯಿಂದ ಗೂಟವನ್ನು ಹಲಗೆಗೆ ಒತ್ತಲು ಹೋದರು, ಮೊಣಕೈ ಡಬ್ಬಿಗೆ ತಗುಲಿ ಗೂಟಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಬೀರುವಿನ ಅಡಿಗೆ ಉರುಳಿದವು. ನಾವು ಮೂವರೂ ನೆಲಕ್ಕೆ ಬಿದ್ದು ಆರಿಸತೊಡಗಿದೆವು. ಮೇಜಿನ ಕೆಳಗಿನಿಂದ ಅವರು ಇದ್ದಕ್ಕಿದ್ದಂತೆ, “ಕುದುರೆ!” ಎಂದು ಕೂಗಿದರು. ದೊರೆಸಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಷ್ಟೋ ವಾರಗಳ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾನು ಕಂಡೆ.

ಎದ್ದು ಮಂಡಿಯ ಧೂಳು ಕೊಡವಿಕೊಳ್ಳುತ್ತ ಅವರು, “ನಿಮ್ಮ ಮಗಳು ಹೇಳೋದು ನಿಜ ಅಕ್ಕ. ಆದ್ರೆ ನಾನು ಏನು ಮಾಡ್ಲಿ? ಒಬ್ಬೊಬ್ಬರನ್ನೂ ಸುಮ್ನೆ ಕೂರಿಸಿಯೇ ನೋಡ್ಬೇಕು ಅಂತ ಮೇಲಿನವರ ಆಜ್ಞೆ,” ಎಂದರು. ಮತ್ತೆ ಮೌನದಲ್ಲೇ ಅವಳಿಂದ ಗೂಟ ಚುಚ್ಚಿಸಿದರು, ತಮ್ಮ ಎರಡನೆಯ ಆದೇಶ ಹೊರಟಿತು. ಆ ಮೇಲಿನವರು ತಾವೇ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ತಮಗಿಂತಲೂ ಮೇಲೆ ಇನ್ನಾರಾದರೂ ಇದ್ದರೆ ಓದಿ ಇದನ್ನೂ ಏಣಿ ಹತ್ತಿಸಿಬಿಡಿ.

ತಾವು ಕೇಳಬಹುದು, ಮಾತಿಗೂ ಕೈಗೂ ಏನು ಸಂಬಂಧ ಎಂದು. ನಾನು ಬಸ್ಸು ಓಡಿಸುವವಳು. ನನ್ನ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಸರ್ಕಾರವೇ ಬರೆಸಿದೆ: ‘ಬಸ್ಸು ಚಲಿಸುವಾಗ ಚಾಲಕರೊಂದಿಗೆ ಮಾತನಾಡಬಾರದು.’ ಯಾಕೆ? ವರ್ಷಗಟ್ಟಲೆ ಓಡಿಸಿ ಕೈ ಪಳಗಿದ ನನ್ನಂಥವಳನ್ನೂ ಮಾತಿಗೆಳೆದರೆ ಬಸ್ಸು ಕಂಬಕ್ಕೆ ಗುದ್ದೀತು ಎಂಬ ಭಯ ತಾನೇ? ಅಷ್ಟೇ ಅಲ್ಲ. ನನಗೆ ಕೆಲಸ ಕೊಡುವಾಗ ನಿಂತ ಬಸ್ಸಿನಲ್ಲಿ ಕೂರಿಸಿ, ಸ್ಟೀರಿಂಗ್ ತಿರುಗಿಸಲು ಹೇಳಿ, ‘ತೃಪ್ತಿಕರ’ ಎಂದು ಕಳಿಸಲಿಲ್ಲ. ಗಿಜಿಗುಡುವ ರಸ್ತೆಗಿಳಿಸಿ, ಹಾರ್ನು, ಸೈಕಲ್ಲು, ಅಡ್ಡ ಬರುವ ನಾಯಿ, ಬಾಗಿಲಲ್ಲಿ ಜಗಳವಾಡುವ ಪ್ರಯಾಣಿಕ, ಎಲ್ಲದರ ನಡುವೆ ಓಡಿಸಿ ನೋಡಿದರು. ಬಸ್ಸಿನ ವಿಷಯದಲ್ಲಿ ಸರ್ಕಾರಕ್ಕೆ ಇರುವ ಈ ವಿವೇಕ ಮಗುವಿನ ಕೈಯ ವಿಷಯದಲ್ಲಿ ಎಲ್ಲಿ ಇಳಿದುಹೋಯಿತು? ಯಾವ ಸ್ಟಾಪಿನಲ್ಲಿ?

ಎರಡನ್ನೂ ಒಟ್ಟಿಗೆ ಮಾಡಲು ಕಲಿಸಿ ಎಂದು ಉಪದೇಶಿಸುವ ಮೊದಲೇ ಹೇಳಿಬಿಡುತ್ತೇನೆ: ಕಲಿಸುತ್ತಿದ್ದೇವೆ. ಒಣಗಿದ ಬಟ್ಟೆ ಮಡಚುವಾಗ ಅಜ್ಜಿ ಪಕ್ಕದಲ್ಲಿ ಕೂತು ಪ್ರಶ್ನೆ ಕೇಳುತ್ತಾರೆ. ಪ್ರಶ್ನೆ ಕೇಳುವುದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರಿಲ್ಲ. ಮದುವೆಯಾದ ಹೊಸದರಲ್ಲಿ ನಾನೂ ಈ ತರಬೇತಿ ಪಡೆದವಳು. ಟವೆಲ್ ಮಡಚುತ್ತ ದೊರೆಸಾನಿ ಈಗ ವಾದ ಮಾಡಬಲ್ಲಳು. ಅಂಗಿ ಬಂದರೆ, “ಅಜ್ಜೀ, ಸ್ವಲ್ಪ ಹೊತ್ತು ಸುಮ್ನಿರಿ,” ಎನ್ನುತ್ತಾಳೆ. ಅಂಗಿಗೂ ಮಾತು ಕೂಡಿಬರುವ ದಿನ ಬರಬಹುದು, ಬರದೆಯೂ ಇರಬಹುದು. ಶಾಲೆಯ ಪ್ರಾಯೋಗಿಕ ಪರೀಕ್ಷೆ ಮಾತ್ರ ಮುಂದಿನ ತಿಂಗಳೇ ಬರುತ್ತದೆ.

ಕೊನೆಗೆ ನಾನು ಶಾಲೆಗೆ ಹೋಗಿ ವಿಜ್ಞಾನದ ಟೀಚರಿಗೆ ಎಲ್ಲವನ್ನೂ ಹೇಳಿದೆ. ಪಾಪ, ಆಕೆ ತಲೆ ಚಚ್ಚಿಕೊಂಡರು. “ಮೊದಲೇ ಹೇಳ್ಬಾರದಿತ್ತೇ? ನಾನು ಹುಡುಗಿ ಹಟ ಮಾಡ್ತಿದಾಳೆ ಅಂದ್ಕೊಂಡಿದ್ದೆ.” ಮುಂದಿನ ತರಗತಿಯಲ್ಲಿ ದೊರೆಸಾನಿ ನೀರು ಬಗ್ಗಿಸಿ ಮುಗಿಸುವವರೆಗೆ ಅವರು ತುಟಿ ಪಿಟಕ್ಕೆನ್ನದೆ ನಿಂತರಂತೆ. ಜಾಡಿ ಕೆಳಗಿಟ್ಟ ಮೇಲೆ, “ಈಗ ಹೇಳು,” ಎಂದರಂತೆ. ಇವಳು ಹೇಳತೊಡಗಿದಳು. ಗಂಟೆ ಬಾರಿಸಿದರೂ ನಿಲ್ಲಿಸಲಿಲ್ಲವಂತೆ. ಸಂಜೆ ಮನೆಗೆ ಬಂದವಳು ಬಾಗಿಲಲ್ಲೇ, “ಅಮ್ಮಾ, ನಾನು ಪೆದ್ದಿ ಕೆಲಸಕ್ಕೆ ರಾಜೀನಾಮೆ ಕೊಟ್ಟೆ,” ಎಂದು ಸಾರಿದಳು.

ಆದರೆ ಟೀಚರ್ ನನಗೆ ಇನ್ನೊಂದು ಮಾತನ್ನೂ ಹೇಳಿದ್ದಾರೆ: “ನನ್ನ ಕ್ಲಾಸಲ್ಲಿ ನಾನು ಕಾಯ್ತೀನಿ. ಪರೀಕ್ಷೆಗೆ ಹೊರಗಿಂದ ಬರೋರು ಯಾಕೆ ಕಾಯ್ತಾರೆ? ಅವರಿಗೆ ಆ ಆಫೀಸಿನವರೇ ಹೇಳ್ಬೇಕು.”

ಆದ್ದರಿಂದ ಹೇಳಿ. ಇಂಥ ಮಕ್ಕಳ ಕೈಯನ್ನು ಮೌನದಲ್ಲೊಮ್ಮೆ, ಮಾತಿನ ನಡುವೆ ಒಮ್ಮೆ ಪರೀಕ್ಷಿಸಿ, ಎರಡರ ನಡುವಿನ ಅಂತರ ನೋಡಿ ತೀರ್ಮಾನ ಮಾಡಿ. ಅದಕ್ಕೆ ಹೊಸ ಕಟ್ಟಡ ಬೇಡ, ಯಂತ್ರ ಬೇಡ. ಮಾತಾಡಲು ಬರುವ ಒಬ್ಬ ಮನುಷ್ಯ ಸಾಕು. ಅದು ತಕ್ಷಣಕ್ಕೆ ಆಗದಿದ್ದರೆ, ಮುಂದಿನ ತಿಂಗಳು ಶಾಲೆಗೆ ಬರುವ ಪರೀಕ್ಷಕರಿಗೆ ಒಂದೇ ಒಂದು ಸೂಚನೆ ಕಳಿಸಿ: ಈ ಹುಡುಗಿ ಕೈಯಲ್ಲಿರುವುದನ್ನು ಕೆಳಗಿಡುವವರೆಗೆ ಕಾಯಿರಿ, ಆಮೇಲೆ ಕೇಳಿ.

ಅವಳಿಗೆ ಉತ್ತರ ಗೊತ್ತಿದೆ.

ಇಂತಿ,
ಮನೆಮಂದಿಯನ್ನೆಲ್ಲ ಗದರಿಸಿ ಹೊರಗಟ್ಟಿ, ಬಾಗಿಲು ಹಾಕಿಕೊಂಡು,
ಹೇಗೋ ಇಷ್ಟು ಬರೆದು ಮುಗಿಸಿದ
ಒಬ್ಬ ತಾಯಿ