ಮಾಲೆ ಹಾಕಿಸಿಕೊಂಡ ಗಾಣ

ತ್ಯಾಗಲಿ, ಸಿದ್ದಾಪುರ ತಾಲ್ಲೂಕು

ದೊಡ್ಡವ್ವಾ, ಗದಗಿನಲ್ಲಿ ನೀವೆಲ್ಲ ಆರಾಮ ಇದ್ದೀರೆಂದುಕೊಂಡಿದ್ದೇನೆ. ಇಲ್ಲಿ ಫೋನ್ ಹತ್ತುವುದಿಲ್ಲ, ಅದಕ್ಕೇ ಕಾರ್ಡು.

ಕೋಣಗಳು ಸುತ್ತು ಹಾಕಿ ಕಬ್ಬು ಅರೆಯುವ ಮರದ ಗಾಣವನ್ನು ನೀನು ಸಣ್ಣವಳಿದ್ದಾಗ ನೋಡಿದ್ದೆಯಲ್ಲ, ಅದರ ಸಾಕ್ಷ್ಯಚಿತ್ರಕ್ಕೆಂದೇ ಈ ಕಾಡಿಗೆ ಬಂದೆವು. ಜೀಪು ಹೋಗದ ದಾರಿಯಲ್ಲಿ ಕ್ಯಾಮೆರಾ, ಬ್ಯಾಟರಿ ಹೊತ್ತು ಆಲೆಮನೆ ಮುಟ್ಟಿದರೆ ಕೋಣಗಳೇ ಇಲ್ಲ! ಹೊಸ ಡೀಸೆಲ್ ಗಾಣ ಬಡಬಡಿಸುತ್ತಿದೆ, ಅದಕ್ಕೆ ಚೆಂಡುಹೂವಿನ ಮಾಲೆ ಬೇರೆ. ನಾವು ಬರುವ ಸುದ್ದಿ ಕೇಳಿಯೇ ಯಜಮಾನರಾದ ಶ್ರೀಪಾದ ಹೆಗಡೆಯವರು ಕೋಣಗಳನ್ನು ಮಾರಿ ಅದನ್ನು ತಂದರಂತೆ.

“ಅಷ್ಟು ದೂರದಿಂದ ಕ್ಯಾಮೆರಾದವ್ರು ಬತ್ತ ಅಂದ್ಮೇಲೆ ಆ ಹಳೇ ಗಾಣ ತೋರ್ಸಲೆ ಆಗ್ತಾ? ಎಂಗಳ ಮನೆ ಮರ್ಯಾದೆ ಎಂತ ಆಗ್ತು?” ಎಂದರು.

ಅಳಬೇಕೋ ಬೈಯಬೇಕೋ ತಿಳಿಯದೆ, ಅವರು ಕೊಟ್ಟ ಕಬ್ಬಿನ ಹಾಲು ಕುಡಿದೆ. ಈ ಚಳಿಯಲ್ಲಿ ಅದೇ ಕುಡಿದು ಗಂಟಲು ಕಟ್ಟಿದೆ. ನೀನು ಕಟ್ಟಿಕೊಟ್ಟ ಜ್ಯೇಷ್ಠಮಧು ಮುಗಿಯಿತು.

ಹಳೇ ಗಾಣವನ್ನಾದರೂ ಚಿತ್ರೀಕರಿಸೋಣವೆಂದು ಅದೆಲ್ಲಿದೆ ಎಂದು ಕೇಳಿದೆ. ಬೆಲ್ಲ ಕುದಿಯುತ್ತಿದ್ದ ಒಲೆಯತ್ತ ಕೈ ತೋರಿಸಿದರು. ಒಣಗಿದ ಮರ, ಚೆನ್ನಾಗಿ ಉರಿಯುತ್ತಿತ್ತು.

ಪೋಸ್ಟಿನವರು ಹೊರಟು ನಿಂತಿದ್ದಾರೆ.

ನಿನ್ನ
ಪ್ರತಿಭಾ