ಮೈಕ್ ಸಿಗಿಸಿ ಆಚೆ ಹೋಗು ಅಂದ ಕುಲಸಚಿವರಿಗೆ

ಇಲ್ಲ ಮಾನ್ಯರೇ, ಅದಕ್ಕೆ ಕಳ್ಳತನ ಅನ್ನೋಕೆ ಬರಲ್ಲ. ಕದ್ದ ವಸ್ತು ಕದ್ದ ಜಾಗದಲ್ಲಿ ಇರಬಾರದು. ನಾನು ಕೇಳಿದ ಪಾಠ ಅಲ್ಲೇ ಇದೆ. ಮುಂದಿನ ಬೆಂಚಿನ ಹುಡುಗನಿಗೆ ಎಷ್ಟು ಸಿಗಬೇಕೋ ಅಷ್ಟೂ ಸಿಕ್ಕಿದೆ. ಅವನು ಫೋನ್ ನೋಡ್ತಾ ಕೂತಿದ್ದ, ಅದು ಬೇರೆ ಮಾತು. "ಫೀಸು ಕಟ್ಟದೆ ಕೂತು ಕೇಳೋದು ಕಳ್ಳತನ ಅಲ್ವಾ, ಮೈಕಿನವನಿಗೆ ಅರ್ಥಶಾಸ್ತ್ರ ಯಾಕ್ರೀ" ಅಂತ ನೀವು ಮೀಟಿಂಗಲ್ಲಿ ಅಂದ್ರಂತೆ. ನನ್ನ ಮುಂದೆ ಅಂದಿದ್ರೆ ಅಲ್ಲೇ ಉತ್ತರ ಕೊಟ್ಟುಬಿಡ್ತಿದ್ದೆ. ನನಗೆ ಒಂದು ಕಡೆ ಕೂತು ಬರೆಯೋದು ಅಂದ್ರೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಇಷ್ಟು ಬರೆಯೋದ್ರಲ್ಲೇ ಎಷ್ಟು ಸಲ ಎದ್ದು ಬಾಗಿಲ ತನಕ ಹೋಗಿ ಬಂದೆನೋ ಗೊತ್ತಿಲ್ಲ.

ನಿಮ್ಮ ಆದೇಶ ದೊಡ್ಡ ಕ್ಲಾಸಿನ ಬಾಗಿಲ ಮೇಲಿದೆ. ನಾನೇ ಅಂಟಿಸಿದ್ದು, ಅಂಟಿಸು ಅಂತ ನನ್ನ ಕೈಗೇ ಕೊಟ್ರಲ್ಲ. "ತಾಂತ್ರಿಕ ಸಿಬ್ಬಂದಿಯು ಧ್ವನಿವರ್ಧಕವನ್ನು ಚಾಲನೆಗೊಳಿಸಿದ ನಂತರ ಕೊಠಡಿಯಲ್ಲಿ ಉಳಿಯತಕ್ಕದ್ದಲ್ಲ, ಬಾಗಿಲು ಮುಚ್ಚಿ ನಿರ್ಗಮಿಸತಕ್ಕದ್ದು." ತಾಂತ್ರಿಕ ಸಿಬ್ಬಂದಿ! ಸಂಬಳ ಜಾಸ್ತಿ ಮಾಡಿ ಅಂತ ಬಂದಾಗ ನಾನು ಬರೀ ಮೈಕಿನವನು, ಆಚೆ ಹಾಕೋವಾಗ ಎಷ್ಟು ದೊಡ್ಡ ಹೆಸರು. ಈ ಕ್ಯಾಂಪಸ್ಸಲ್ಲಿ ತಾಂತ್ರಿಕ ಸಿಬ್ಬಂದಿ ಅಂತ ಇರೋನು ನಾನೊಬ್ಬನೇ. ಅಂದಮೇಲೆ ಇದು ನಿಯಮ ಅಲ್ಲ ಮಾನ್ಯರೇ, ನನ್ನೊಬ್ಬನಿಗೆ ಬರೆದ ಕಾಗದ. ಅದಕ್ಕೇ ನಾನೂ ಒಂದು ಬರೀತಿದೀನಿ. ನೀವು ಊರಿಗೆಲ್ಲ ಕಾಣೋ ಹಾಗೆ ಅಂಟಿಸಿದ್ರಿ, ನಾನೂ ಊರಿಗೆಲ್ಲ ಕಾಣೋ ಹಾಗೇ ಬರೀತೀನಿ.

ನಾನು ಹತ್ತನೇ ಕ್ಲಾಸು ತನಕ ಓದಿದೋನು. ಬುದ್ಧಿ ಇರಲಿಲ್ಲ ಅಂತಲ್ಲ, ಕೂರೋಕೆ ಆಗ್ತಿರಲಿಲ್ಲ. ಇವನು ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಕೊಂಡು ಬಂದ ಅಂತ ಅಮ್ಮ ಈಗಲೂ ಅಂತಾಳೆ. ಈ ಕೆಲಸ ಹಿಡಿದದ್ದೂ ಅದಕ್ಕೇ. ಒಂದು ರೂಮಿಂದ ಇನ್ನೊಂದು ರೂಮಿಗೆ ವೈರು ಎಳ್ಕೊಂಡು ಓಡ್ತಾ ಇರಬಹುದು. ಆದ್ರೆ ದೊಡ್ಡ ಕ್ಲಾಸಿನ ಸ್ಪೀಕರು ಹಳೇದು, ಯಾವಾಗ ಕುಯ್ಯೋ ಅನ್ನುತ್ತೋ ಹೇಳೋಕಾಗಲ್ಲ. ಜೊತೆಗೆ, ಪ್ರಶ್ನೆ ಇದೆ ಅಂತ ಯಾರಾದ್ರೂ ಕೈ ಎತ್ತಿದ್ರೆ ಕೈಮೈಕು ಒಯ್ದು ಕೊಡೋದೂ ನನ್ನ ಕೆಲಸ. ಹಾಗಾಗಿ ಹಿಂದಿನ ಸ್ಟೂಲ್ ಮೇಲೆ ಕೂತೇ ಇರಬೇಕು. ಅಲ್ಲಿ ಮೊದಲನೇ ವರ್ಷದವರಿಗೆ ಸಮಗ್ರ ಅರ್ಥಶಾಸ್ತ್ರದ ಪರಿಚಯ ಅಂತ ಪಾಠ ನಡೆಯುತ್ತೆ, ಹುಡುಗರ ಬಾಯಲ್ಲಿ ಮ್ಯಾಕ್ರೋ. ಮೊದಲ ದಿನ ಆಕಳಿಸಿದೆ. ಎರಡನೇ ದಿನ ಪಾಠ ಮಾಡೋ ಮೇಡಂ ಒಂದು ಮಾತು ಹೇಳಿದ್ರು: ಒಬ್ಬನ ಖರ್ಚು ಇನ್ನೊಬ್ಬನ ಆದಾಯ. ನಿಂತಲ್ಲೇ ತಿರುಗೋ ಗಾಲಿ ಹಾಗೆ ಅದು ನನ್ನ ತಲೇಲಿ ತಿರುಗೋಕೆ ಶುರುವಾಯ್ತು. ಹತ್ತು ವರ್ಷ ಮೇಷ್ಟ್ರುಗಳು ಬೆತ್ತ ಹಿಡಿದು ಕೂರಿಸೋಕಾಗದೇ ಇರೋನನ್ನ ಈ ಪಾಠ ಕೂರಿಸಿತು. ಇದಕ್ಕೆ ನಿಮ್ಮ ವಿಶ್ವವಿದ್ಯಾಲಯ ಹೆಮ್ಮೆಪಡಬೇಕೋ, ನೋಟೀಸು ಕೊಡಬೇಕೋ?

ಮನೆಗೆ ಹೋಗಿ ಊಟದ ಹೊತ್ತಲ್ಲಿ ಅಮ್ಮನಿಗೆ, ಅಣ್ಣನಿಗೆ ಹೇಳೋದು ರೂಢಿಯಾಯ್ತು. ಒಬ್ಬ ಉಳಿತಾಯ ಮಾಡಿದ್ರೆ ಜಾಣ, ಎಲ್ಲರೂ ಒಟ್ಟಿಗೆ ಕೈ ಬಿಗಿ ಹಿಡಿದ್ರೆ ಎಲ್ಲರ ಆದಾಯವೂ ಇಳಿಯುತ್ತಂತೆ ಅಂದೆ. ಅಮ್ಮ ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬೆಳೆಸಿದೋಳು, ನನ್ನನ್ನ ಮೇಲಿಂದ ಕೆಳಗೆ ನೋಡಿದ್ಲು. ನಿಮ್ಮ ಮೇಡಂ ತಿಂಗಳ ಕೊನೇಲಿ ಏನು ಮಾಡ್ತಾರೆ ಕೇಳ್ಕೊಂಡು ಬಾ, ಆಮೇಲೆ ನಂಬ್ತೀನಿ ಅಂದ್ಲು. ಅಣ್ಣ ನಕ್ಕ. ಮಾನ್ಯರೇ, ಇದನ್ನ ಸ್ವಲ್ಪ ನಿಧಾನಕ್ಕೆ ಓದಿ. ಅಣ್ಣ ನಕ್ಕು ಬಹಳ ದಿನ ಆಗಿತ್ತು.

ಅವನು ಪ್ರಿಂಟಿಂಗ್ ಪ್ರೆಸ್ಸಲ್ಲಿ ಮಷೀನ್ ಓಡಿಸ್ತಿದ್ದ. ಪ್ರೆಸ್ಸು ಮುಚ್ಚಿತು. ಒಂದಷ್ಟು ಕಾಲ ಇಸ್ತ್ರಿ ಅಂಗಿ ಹಾಕ್ಕೊಂಡು ಕೆಲಸ ಹುಡುಕಿದ. ಎಲ್ಲಾ ಕಡೆ ಹೇಳಿ ಕಳಿಸ್ತೀವಿ ಅಂದ್ರು, ಯಾರೂ ಹೇಳಿ ಕಳಿಸಲಿಲ್ಲ. ಆಮೇಲೆ ಅಂಗಿಗೆ ಇಸ್ತ್ರಿ ಹಾಕೋದು ಬಿಟ್ಟ, ಆಮೇಲೆ ಹೊರಗೆ ಹೋಗೋದು ಬಿಟ್ಟ. ಕೇಳಿದ್ರೆ ಹ್ಞೂಂ, ಕೇಳದಿದ್ರೆ ಅದೂ ಇಲ್ಲ. ಅಂಥೋನು ಬಾಗಿಲಲ್ಲಿ ನಾನು ಚಪ್ಪಲಿ ಬಿಡೋ ಮೊದಲೇ "ಇವತ್ತು ಏನು ಪಾಠ ಮಾಡಿದ್ರೋ" ಅಂತ ಕೇಳೋಕೆ ಶುರು ಮಾಡಿದ. ಅಮ್ಮ ಅಡುಗೆ ಮನೇಲಿ ಕೈ ಕೆಲಸ ನಿಲ್ಲಿಸಿ ಕೇಳಿಸ್ಕೊಳ್ತಿದ್ಲು, ಪಾಠಾನಲ್ಲ, ಅವನ ದನಿನ.

ಹೀಗಿರೋವಾಗ ನಿರುದ್ಯೋಗದ ಪಾಠ ಬಂತು. ಕೆಲಸ ಇಲ್ಲದೆ, ಕೆಲಸ ಹುಡುಕ್ತಾ ಇರೋನು ಮಾತ್ರ ನಿರುದ್ಯೋಗಿ, ಹುಡುಕೋದು ಬಿಟ್ಟೋನು ಆ ಲೆಕ್ಕಕ್ಕೆ ಬರಲ್ಲ ಅಂದ್ರು ಮೇಡಂ. ಪ್ರಶ್ನೆ ಇದ್ರೆ ಕೇಳಿ ಅಂದ್ರು. ಎಂದಿನ ಹಾಗೆ ಒಂದು ಕೈಯೂ ಏಳಲಿಲ್ಲ. ಮೈಕು ನನ್ನ ಕೈಲೇ ಇತ್ತು. ಬೆರಳು ಯಾವಾಗ ಸ್ವಿಚ್ ಒತ್ತಿತೋ ನನಗೆ ಗೊತ್ತಿಲ್ಲ.

"ಮೇಡಂ, ನಮ್ಮಣ್ಣ ಕೆಲಸ ಹುಡುಕೋದನ್ನೇ ಬಿಟ್ಟಿದಾನೆ. ಅವನು ಯಾವ ಲೆಕ್ಕಕ್ಕೆ?"

ಮುಂದಿನದು ನಿಮಗೆ ಚೆನ್ನಾಗಿ ಗೊತ್ತು. ಅವತ್ತೇ ಪಕ್ಕದ ಸಭಾಂಗಣದಲ್ಲಿ ಹೊರಗಿನ ಅತಿಥಿಗಳು ಬಂದಿದ್ರು. ಅವರಿಗೆ ಅಂತ ಅವಸರದಲ್ಲಿ ಇಟ್ಟ ಕೈಮೈಕೂ ನನ್ನ ಕೈಮೈಕೂ ಒಂದೇ ಚಾನೆಲ್ಲಲ್ಲಿ ಉಳಿದುಬಿಟ್ಟಿದ್ವು, ಇದರಲ್ಲಿ ಮಾತಾಡಿದ್ದು ಅಲ್ಲೂ ಕೇಳೋ ಹಾಗೆ. ನಮ್ಮಲ್ಲಿ ಓದಿದೋರಲ್ಲಿ ಕೆಲಸ ಸಿಗದೋರೇ ಇಲ್ಲ ಅಂತ ನೀವು ಅಲ್ಲಿ ಹೇಳಿ ಮುಗಿಸೋದಕ್ಕೂ ನಿಮ್ಮ ತಲೆ ಮೇಲಿನ ಸ್ಪೀಕರಲ್ಲಿ ನಮ್ಮಣ್ಣ ಬರೋದಕ್ಕೂ ಸರಿಹೋಯ್ತು. ಅತಿಥಿಗಳು ನಕ್ಕರಂತೆ. ನೀವು ಮೈಕ್ ಸ್ಟ್ಯಾಂಡನ್ನ ತಿರುಗಿಸಿ ತಿರುಗಿಸಿ ನೋಡಿದ್ರಂತೆ, ಒಳಗೆ ಯಾರಾದ್ರೂ ಕೂತಿದಾರಾ ಅಂತ.

ಚಾನೆಲ್ ನೋಡದೇ ಇದ್ದದ್ದಕ್ಕೆ ಸಂಬಳ ಹಿಡೀರಿ, ಎರಡು ಮಾತು ಬೈಯಿರಿ, ತಲೆ ಬಗ್ಗಿಸ್ತೀನಿ. ಆದ್ರೆ ನಿಮ್ಮ ಆದೇಶದಲ್ಲಿ ಚಾನೆಲ್ ಸುದ್ದಿಯೇ ಇಲ್ಲ. ಇರೋದು ಕೂರಬಾರದು, ಕೇಳಬಾರದು ಅಂತ. ತಪ್ಪಿಗೆ ಶಿಕ್ಷೆ ಕೊಡೋದು ಬಿಟ್ಟು ಕಿವಿಗೆ ಶಿಕ್ಷೆ ಕೊಟ್ರಲ್ಲ, ಇದು ಯಾವ ಶಾಸ್ತ್ರ?

ಅವತ್ತು ಮೇಡಂ ಬೈಯಲಿಲ್ಲ. ಒಳ್ಳೇ ಪ್ರಶ್ನೆ, ಅಂಥವರಿಗೆ ಆಸೆ ಬಿಟ್ಟ ಕೆಲಸಗಾರರು ಅಂತ ಹೆಸರಿದೆ, ಅವರನ್ನ ಲೆಕ್ಕದಿಂದ ಯಾಕೆ ಬಿಡ್ತಾರೆ, ಬಿಟ್ರೆ ಏನಾಗುತ್ತೆ ಅನ್ನೋದನ್ನ ಮುಂದಿನ ಎರಡು ಕ್ಲಾಸಲ್ಲಿ ನೋಡೋಣ ಅಂದ್ರು. ಮನೆಗೆ ಹೋಗಿ ಹೇಳಿದೆ. ಅಣ್ಣ ಅನ್ನ ಕಲಸ್ತಾ ಇದ್ದೋನು ಕೈ ನಿಲ್ಲಿಸಿದ.

"ಹೆಸರು ಇಟ್ಟಿದಾರೆ ಅಂದ್ರೆ, ನನ್ನಂಥೋರು ಇನ್ನೂ ಇದಾರೆ ಅಂತ ಆಯ್ತು."

"ಇದಾರಂತೆ. ಲೆಕ್ಕಕ್ಕೆ ಯಾಕೆ ತಗೊಳ್ಳಲ್ಲ ಅಂತ ಮುಂದಿನ ಕ್ಲಾಸಲ್ಲಿ ಹೇಳ್ತಾರೆ."

"ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತಾರಲ್ಲ, ನಾನು ಆಟಕ್ಕೂ ಇಲ್ವಲ್ಲೋ. ಕೇಳ್ಕೊಂಡು ಬಾ."

ಕೇಳ್ಕೊಂಡು ಬರೋ ಮೊದಲೇ ನಿಮ್ಮ ಆದೇಶ ಬಂತು. ಮೊದಲೆರಡು ದಿನ ಅಣ್ಣ ಬಾಗಿಲಿಗೇ ಬಂದು ಕೇಳಿದ. ಪಾಠ ಇರಲಿಲ್ಲ ಅಂದೆ. ಮೂರನೇ ದಿನ ಕೇಳಲಿಲ್ಲ. ಈಗ ಮತ್ತೆ ಹ್ಞೂಂ. ಮಾನ್ಯರೇ, ಅವನು ಕೆಲಸ ಹುಡುಕೋದು ಬಿಟ್ಟಾಗ ನಾವು ಸುಮ್ಮನಿದ್ವಿ. ಈಗ ಕೇಳೋದನ್ನೂ ಬಿಡ್ತಿದಾನೆ. ಇದನ್ನ ಯಾವ ಇಲಾಖೆಗೆ ಹೇಳಲಿ? ಮೇಡಂನ ಕಾರಿಡಾರಲ್ಲಿ ಹಿಡಿದು ಕೇಳಬಹುದಲ್ಲ ಅಂತೀರಾ? ಅವರು ಅತಿಥಿ ಉಪನ್ಯಾಸಕಿ. ಇಲ್ಲಿ ಮೈಕ್ ಬಿಚ್ಚಿದ ತಕ್ಷಣ ಇನ್ನೊಂದು ಕಾಲೇಜಿನ ಬಸ್ಸಿಗೆ ಓಡಬೇಕು. ಓಡೋದ್ರಲ್ಲಿ ಅವರು ನನಗಿಂತ ಒಂದು ಕೈ ಮೇಲು. ಓಡ್ತಾ ಓಡ್ತಾ ಹೇಳಿ ಮುಗಿಸೋ ಮಾತಾಗಿದ್ರೆ ನೀವು ಅದಕ್ಕೆ ಎರಡು ಕ್ಲಾಸು, ಇಷ್ಟು ದೊಡ್ಡ ಕೋಣೆ, ಅಷ್ಟೊಂದು ಬೆಂಚು ಯಾಕೆ ಇಟ್ಟಿದೀರಿ?

ಆ ಎರಡರಲ್ಲಿ ಒಂದು ಕ್ಲಾಸು ಇವತ್ತು ಆಗಿಹೋಯ್ತು. ಇನ್ನೊಂದು ಗುರುವಾರ. ನನಗೆ ಡಿಗ್ರಿ ಬೇಡ, ಹಾಜರಿ ಬೇಡ, ಬೆಂಚೂ ಬೇಡ, ಆ ಸ್ಟೂಲ್ ಸಾಕು. ಗುರುವಾರದೊಳಗೆ ಆ ಆದೇಶ ವಾಪಸ್ ತಗೊಳ್ಳಿ. ಅಂಟಿಸಿದೋನೇ ಕಿತ್ತುಹಾಕ್ತೀನಿ, ಬಾಗಿಲ ಬಣ್ಣ ಏಳದ ಹಾಗೆ. ತಗೊಳ್ಳೋದಿಲ್ಲ ಅಂತಾದ್ರೆ, ಕೇಳೋದಕ್ಕೆ ಯಾರಿಗೆ ಹಕ್ಕಿದೆ ಯಾರಿಗಿಲ್ಲ ಅನ್ನೋದನ್ನ ನೀವೂ ಹೀಗೇ ನಾಲ್ಕು ಜನ ಓದೋ ಕಡೆ ಬರೀರಿ.

ಇವತ್ತು ಬೆಳಿಗ್ಗೆ ನಡೆದದ್ದು ಹೇಳಿ ಮುಗಿಸ್ತೀನಿ, ಬರೀಬಹುದು ಅಂತ ಮೇಡಂ ಅಂದಿದಾರೆ. ಮೇಡಂಗೆ ಕಾಲರ್ ಮೈಕ್ ಕೊಟ್ಟೆ, ಹಲೋ ಹಲೋ ಅಂತ ನೋಡಿದೆ, ಹೊರಟೆ. ಬಾಗಿಲ ಹತ್ತಿರ ಬಂದಾಗ ಅವರು ಮೈಕಿನ ಮೇಲೆ ಅಂಗೈ ಮುಚ್ಚಿ, ನನಗಷ್ಟೇ ಕೇಳೋ ಹಾಗೆ ಅಂದ್ರು:

"ಬಾಗಿಲು ಪೂರ್ತಿ ಹಾಕಬೇಡಪ್ಪ. ಸ್ವಲ್ಪ ತೆಗೆದೇ ಇರಲಿ."

ಬಾಗಿಲ ಹಿಡಿಕೆ ಹಿಡಿದು ಅವರ ಕಡೆ ತಿರುಗಿದೆ. ಆದ್ರೆ ಅವರ ಕೆಲಸ ವರ್ಷ ವರ್ಷ ನಿಮ್ಮ ಸಹಿ ಮೇಲೆ ನಿಂತಿರೋದು. ಬಾಗಿಲು ಯಾಕೆ ತೆಗೆದಿತ್ತು ಅಂತ ನೀವು ಕೇಳೋದು ಅವರನ್ನೇ, ನನ್ನನ್ನಲ್ಲ. ಅದೂ ಅಲ್ಲದೆ, ಸಂದೀಲಿ ಕಿವಿ ಇಟ್ಟು ಕೇಳಿದ್ರೆ, ಮಾನ್ಯರೇ, ಅದು ನೀವು ಹೇಳಿದ ಕಳ್ಳತನವೇ ಆಗುತ್ತೆ. ಕಾರಿಡಾರಿಗೆ ಗದ್ದಲ ಬರುತ್ತೆ ಅಂತ ಹಿಂದೆ ನೀವು ದೂರಿದಾಗ ಆ ಬಾಗಿಲಿಗೆ ಒಳಗಿಂದ ದಪ್ಪ ಮೆತ್ತೆ ಹೊಡೆದಿದ್ದೆ. ಇಲ್ಲ ಮೇಡಂ ಅಂತ ತಲೆ ಆಡಿಸಿ ಹೊರಗೆ ಬಂದೆ, ಎರಡೂ ಕೈಲಿ ಎಳೆದು ಬಾಗಿಲು ಹಾಕಿದೆ. ಒಂದು ಅಕ್ಷರ ಆಚೆ ಬರಲಿಲ್ಲ. ಕೆಲಸ ಅಷ್ಟು ಚೆನ್ನಾಗಿ ಮಾಡಿದೀನಿ.

ಇಂತಿ,
ಗುರುವಾರದ ತನಕ ಬಾಗಿಲ ಈಚೆ ಕಡೆ ಇರೋ,
ನಿಮ್ಮ ಏಕೈಕ ತಾಂತ್ರಿಕ ಸಿಬ್ಬಂದಿ